ಫನೂಜಾ ಅಳಿಸಿದ ಕುಲ

ಉಫಾ ಪಟ್ಟಣದ ಪ್ರಯೋಗಾಲಯದಲ್ಲಿ ನನ್ನ ಮೇಜಿಗೆ ತಾಗಿಕೊಂಡೇ ಫನೂಜಾಳ ಮೇಜಿತ್ತು. ತೈಲಬಾವಿ ಕೊರೆಯುವಾಗ ಆಳದಿಂದ ಸುಣ್ಣಕಲ್ಲಿನ ದಿಂಡುಗಳು ಬರುತ್ತವೆ. ಅವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಅರೆದು, ಒಳಗಿರುವ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಯಾವ ಕುಲ, ಯಾವ ಕಾಲದ್ದು ಎಂದು ಹೇಳುವುದು ನಮ್ಮ ಕೆಲಸ. ಗೋಧಿ ಕಾಳಿನಂಥ ಚಿಪ್ಪುಗಳು. ಅವುಗಳ ವಂಶ ಅಳಿದು ಕೋಟಿಗಟ್ಟಲೆ ವರ್ಷಗಳಾಗಿವೆ.

ಆ ಕಲ್ಲುಗಳನ್ನು ಲಾರಿಯಲ್ಲಿ ತರುತ್ತಿದ್ದವನು ಫನೂಜಾಳ ಗಂಡ ಇಲ್ದುಸ್. ಒಂದು ಏಪ್ರಿಲ್‌ನಲ್ಲಿ, ಹೆಪ್ಪುಗಟ್ಟಿದ ಬೆಲಾಯಾ ನದಿಯನ್ನು ದಾಟುವಾಗ ಮಂಜುಗಡ್ಡೆ ಬಿರಿದು ಲಾರಿ ಒಳಗೆ ಹೋಯಿತು. ಲಾರಿಯನ್ನು ಮರುದಿನವೇ ಎಳೆದರು. ಇಲ್ದುಸ್ ಸಿಕ್ಕಿದ್ದು ನದಿ ಪೂರ್ತಿ ಕರಗಿದ ಮೇಲೆ, ಬಹಳ ಕೆಳಗೆ.

ಕೆಸರು ಮೆತ್ತಿದ ಕಲ್ಲಿನ ಪೆಟ್ಟಿಗೆಗಳು ನಮ್ಮಲ್ಲಿಗೇ ಬಂದವು. ಬೇರೆಯವರಿಗೆ ಕೊಡೋಣವೆಂದು ಮೇಲಧಿಕಾರಿ ಹೇಳಿದರು. "ಅವನು ತಂದಿದ್ದು. ನಾನೇ ನೋಡ್ತೀನಿ," ಎಂದಳು ಫನೂಜಾ.

ಆ ಕಲ್ಲಿನಲ್ಲಿ ಅವಳಿಗೊಂದು ಅಪರೂಪದ ಚಿಪ್ಪು ಕಂಡಿತು. ಗಾತ್ರದಲ್ಲಿ ದೊಡ್ಡದು, ನಟ್ಟನಡುವಿನ ಸುರುಳಿಗಳು ಮಾತ್ರ ಓರೆಯಾಗಿ ತಿರುಚಿಕೊಂಡಿದ್ದವು. ಗೊತ್ತಿರುವ ಯಾವ ಕುಲಕ್ಕೂ ಅದು ಸೇರಲಿಲ್ಲ. ವರ್ಷಗಟ್ಟಲೆ ಹೋಲಿಸಿ ನೋಡಿ, ಹೊಸ ಕುಲವೆಂದು ಬರೆದು ಪ್ರಕಟಿಸಿದಳು. ಗಂಡನ ಹೆಸರಿನಿಂದ ಅದನ್ನು ಇಲ್ದುಸೆಲ್ಲಾ ಎಂದು ಕರೆದಳು.

ಇಲ್ದುಸ್‌ನ ತಾಯಿ ಮಿಂಜಿಫಾ ಸೊಸೆಯ ಜೊತೆಯಲ್ಲೇ ಇದ್ದಳು. ಮಕ್ಕಳಿರಲಿಲ್ಲ, ಎರಡು ಕೋಣೆಯ ಮನೆಯಲ್ಲಿ ಇವರಿಬ್ಬರೇ. ಮಗನ ಹೆಸರು ಅಚ್ಚಾದಾಗಿನಿಂದ ಮುದುಕಿಗೆ ಮತ್ತೆ ಜೀವ ಬಂದಂತಾಯಿತು. ಸಂತೆಯಲ್ಲಿ ಜೇನು ಮಾರುವವನ ಮುಂದೆ ನಿಂತು, "ನನ್ನ ಮಗನ ಹೆಸರಿನ ಒಂದು ಪ್ರಾಣಿ ಇದೆ, ಗೊತ್ತೇನೋ ನಿಂಗೆ?" ಎನ್ನುತ್ತಿದ್ದಳು.

"ಹಾಲು ಕೊಡುತ್ತಾ ಅಜ್ಜಿ?"

"ಅದು ಸತ್ತು ಎಷ್ಟೋ ಕಾಲ ಆಯ್ತು. ನೀನು ಜೇನಿಗೆ ಸಕ್ಕರೆ ಬೆರೆಸೋದು ಬಿಡು, ನಿನ್ನ ಹೆಸರನ್ನೂ ಯಾವುದಕ್ಕಾದ್ರೂ ಇಡಿಸ್ತೀನಿ."

ಹತ್ತಾರು ವರ್ಷ ಹೀಗೆಯೇ ಕಳೆಯಿತು. ಆಮೇಲೆ ಉತ್ತರದ ಕಡೆ ಒಂದು ಹೊಸ ಬಾವಿ ಕೊರೆದರು. ಆ ಕಲ್ಲು ಅರೆದ ದಿನ ಫನೂಜಾ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. "ಜೋಯಾ, ಇಲ್ಲಿ ನೋಡು," ಎಂದು ಕುರ್ಚಿ ಬಿಟ್ಟುಕೊಟ್ಟಳು.

ನೋಡಿದೆ. ಎಲ್ಲರಿಗೂ ಗೊತ್ತಿದ್ದ ಹಳೆಯ ಕುಲವೊಂದರ ಸಣ್ಣ ಚಿಪ್ಪುಗಳೂ ಇಲ್ದುಸೆಲ್ಲಾವೂ ಒಂದೇ ಕಲ್ಲಿನಲ್ಲಿ ಪಕ್ಕಪಕ್ಕ ಇದ್ದವು. ಹೊರಗಿನ ಗೋಡೆ, ಮಡಿಕೆ, ಬಾಯಿ ಎಲ್ಲವೂ ಒಂದೇ. ವ್ಯತ್ಯಾಸ ನಡುವಿನಲ್ಲಿ ಮಾತ್ರ. ಈ ಜೀವಿಗಳಲ್ಲಿ ಒಂದು ತಲೆಮಾರು ಒಂದು ರೂಪದಲ್ಲಿ, ಮುಂದಿನದು ಇನ್ನೊಂದು ರೂಪದಲ್ಲಿ ಬೆಳೆಯುವುದುಂಟು.

"ಬೇರೆ ಕುಲ ಅಲ್ಲ. ಇವು ಅದರದ್ದೇ ಮಕ್ಕಳು," ಎಂದಳು.

ಒಂದೇ ಕುಲಕ್ಕೆ ಎರಡು ಹೆಸರಾದರೆ ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬುದು ನಿಯಮ. ಇಲ್ದುಸೆಲ್ಲಾ ಹೋಗಬೇಕಿತ್ತು.

"ಒಂದು ಬಾವಿಯ ಕಲ್ಲು ತಾನೇ? ಸುಮ್ಮನಿದ್ದುಬಿಡು. ಯಾರು ಕೇಳ್ತಾರೆ?" ಎಂದೆ.

"ಇವತ್ತಲ್ಲ ನಾಳೆ ಯಾರಾದ್ರೂ ಕಂಡುಹಿಡೀತಾರೆ. ಅವರು ನಗ್ತಾ ಅಳಿಸ್ತಾರೆ ಜೋಯಾ. ನಾನು ನಗಲ್ಲ."

ಆ ಹೆಸರನ್ನು ಅಳಿಸುವ ಲೇಖನ ಅಚ್ಚಿಗೆ ಹೋಗುವ ಮೊದಲು ಅತ್ತೆಗೆ ಹೇಳುವಾಗ ನಾನೂ ಇರಬೇಕೆಂದು ಕರೆದಳು. ಮಿಂಜಿಫಾ ಹಾಲು ಹಾಕಿದ ಚಹಾ ಬಗ್ಗಿಸುತ್ತಿದ್ದಳು. ಫನೂಜಾ ಏನನ್ನೂ ಮುಚ್ಚಿಡದೆ ಹೇಳಿ ಮುಗಿಸಿದಳು. ಮುದುಕಿ ಕೆಟಲನ್ನು ಕೆಳಗಿಟ್ಟಳು.

"ಆ ಇನ್ನೊಂದು ಹೆಸರು ಯಾರದ್ದು?"

"ಯಾರದ್ದೂ ಅಲ್ಲ ಅತ್ತೆ. ಒಂದು ಸಣ್ಣ ಹೊಳೆಯದ್ದು."

"ಹೊಳೆಗೆ ನೀರಿದೆಯಲ್ಲ. ಅದಕ್ಕೆ ನನ್ನ ಮಗನ ಹೆಸರು ಯಾಕೆ ಬೇಕಿತ್ತು?"

ಫನೂಜಾ ತನ್ನ ಚಹಾವನ್ನು ಪಕ್ಕಕ್ಕೆ ಸರಿಸಿದಳು.

"ಒಂದು ಹೊಳೆ ಅವನನ್ನ ತಗೊಂಡಿತ್ತು. ಹೆಸರಿತ್ತು, ಅದನ್ನೂ ಹೊಳೆಗೇ ಕೊಟ್ಟೆ. ನಿನ್ನ ಕೈಯಾರೆ."

ಆ ವಾರವೇ ಮಿಂಜಿಫಾ ಬೆಟ್ಟದ ಕಡೆಯ ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೊರಟುಹೋದಳು. ಫನೂಜಾ ಬಸ್ಸಿನವರೆಗೆ ಗಂಟು ಹೊತ್ತುಕೊಂಡು ಹೋದಳು. ಲೇಖನ ಪ್ರಕಟವಾಯಿತು. ಲೆನಿನ್‌ಗ್ರಾಡ್‌ನ ವಿಜ್ಞಾನಿಗಳು ಹೊಗಳಿದರು. ಫನೂಜಾ ಆ ಸಂಚಿಕೆಯನ್ನು ಬಿಚ್ಚಿಯೂ ನೋಡಲಿಲ್ಲ. ಹಬ್ಬಕ್ಕೆ ಅತ್ತೆಗೆ ಉಣ್ಣೆಯ ಶಾಲು ಕಳಿಸಿದಳು. ಶಾಲು ಹಿಂದಕ್ಕೆ ಬರಲಿಲ್ಲ, ಉತ್ತರವೂ ಬರಲಿಲ್ಲ.

ಮೂರನೇ ಚಳಿಗಾಲದಲ್ಲಿ ಮಿಂಜಿಫಾ ತೀರಿಕೊಂಡಳು. ನಾವಿಬ್ಬರೂ ಹೋದೆವು. ಮಣ್ಣಾದ ಮೇಲೆ, ಊಟದ ಹೊತ್ತಿನಲ್ಲಿ, ಹಳ್ಳಿಯ ಶಾಲೆಯ ಮೇಷ್ಟ್ರು ಫನೂಜಾಳ ಪಕ್ಕಕ್ಕೆ ಬಂದು ಕೂತರು.

"ಅಜ್ಜಿ ನಮ್ಮ ಮಕ್ಕಳಿಗೆಲ್ಲ ಹೇಳ್ತಿದ್ರು, ಮಗನ ಹೆಸರಿನ ಕುಲ ಇದೆ, ಸೊಸೆಯೇ ಕಂಡುಹಿಡಿದಿದ್ದು ಅಂತ. ಹೋದ ತಿಂಗಳೂ ಹೇಳಿದ್ರು. ನೀವೇ ಅಲ್ವಾ ಅವರು?"

ಫನೂಜಾಳ ಕೈಯಲ್ಲಿದ್ದ ಮಾಂಸದ ಕಡುಬು ಕೈಯಲ್ಲೇ ಉಳಿಯಿತು.

"ಹೌದು, ನಾನೇ," ಎಂದಳು.

ಮೇಷ್ಟ್ರು ಇನ್ನೇನೋ ಕೇಳಲು ಹೊರಟಿದ್ದರು. ಅವಳ ಮುಖ ನೋಡಿ, ಚಹಾ ತರುತ್ತೇನೆಂದು ಎದ್ದುಹೋದರು.