ಮಿಡತೆ ಕುಲದ ಬಿಷಪ್ಪರು

ಬಿಷಪ್ ಕೊರಾಂತೆನ್ ಅವರ ಊಟದ ಮೇಜಿನ ಸುತ್ತ ಹತ್ತು ಜನ ಧಾರಾಳವಾಗಿ ಕೂರಬಹುದಿತ್ತು. ಉಣ್ಣುವವರು ಅವರೊಬ್ಬರೇ. ಪಟ್ಟ ಬಂದ ಮೇಲೆ ಆಫ್ರಿಕಾದ ಬುಗಾಂಡದ ಆ ಗುಡ್ಡದಲ್ಲಿ ಎಲ್ಲರೂ ಅವರೆದುರು ಮಂಡಿಯೂರುತ್ತಿದ್ದರೇ ಹೊರತು ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ದೊಡ್ಡವರಾಗುವುದೆಂದರೆ ಇಷ್ಟೇ ನೋಡಿ.

ಮಳೆಯ ಹಿಂದೆ ಹಸಿರು ಮಿಡತೆ ಇಳಿದಾಗ ಊರಿಗೆ ಊರೇ ಹುರಿದು ತಿನ್ನುತ್ತಿತ್ತು. ಬಿಷಪ್ಪರು ಮಾತ್ರ ಮುಟ್ಟುತ್ತಿರಲಿಲ್ಲ. ಬಿಳಿಯರಿಗೆ ಹೇಸಿಗೆ ಇರಬೇಕು ಎಂದು ಜನ ನಗುತ್ತಿದ್ದರು. ನಿಜ ಬೇರೆಯೇ ಇತ್ತು. ಫ್ರಾನ್ಸಿನಿಂದ ಬಂದ ಹೊಸದರಲ್ಲಿ ಅವರು ಜ್ವರದಿಂದ ಸಾಯುವಂತಾಗಿದ್ದಾಗ, ಅನತೋಲಿ ಮುಗಾಲುಲ ಎಂಬ ಉಪದೇಶಿ ತನ್ನ ಗುಡಿಸಲಿಗೆ ಹೊತ್ತೊಯ್ದು ಉಳಿಸಿದ್ದ.

"ಕುಲ ಇಲ್ದೋನು ಸತ್ರೆ ಅಳೋರ್ಯಾರು? ಇವತ್ತಿಂದ ನೀನು ಮಿಡತೆ ಕುಲದೋನು, ನನ್ನ ತಮ್ಮ. ಕುಲದ ಪ್ರಾಣೀನ ಬಾಯಿಗಿಟ್ಟೆಯೋ, ಹಲ್ಲು ಉದುರಿಸ್ತೀನಿ!" ಎಂದಿದ್ದ.

ತಮಾಷೆಗೆ ಆಡಿದ ಮಾತನ್ನು ಅವರು ವ್ರತದಂತೆ ನಡೆಸಿದರು. ಅಣ್ಣನನ್ನು ಮಾತ್ರ ಅಣ್ಣನಂತೆ ನಡೆಸಿಕೊಳ್ಳಲಿಲ್ಲ.

ಮುಗಾಲುಲನ ಒಡಹುಟ್ಟಿದವನು ಸತ್ತಾಗ ಕುಲದ ಹಿರಿಯರು ಪದ್ಧತಿಯಂತೆ ವಿಧವೆಯನ್ನು ಮಕ್ಕಳ ಸಮೇತ ಅವನ ಹೆಂಡತಿಯಾಗಿ ಮನೆಗೆ ಸೇರಿಸಿದರು. ಮನೆಯಲ್ಲಿ ಮೊದಲೇ ಹೆಂಡತಿ ತೆರೇಜಾ ಇದ್ದಳು. ಇಬ್ಬರು ಹೆಂಡಿರವನಿಗೆ ಪ್ರಸಾದವಿಲ್ಲ ಎಂದು ಆಗಷ್ಟೇ ಬಿಷಪ್ಪರಾಗಿದ್ದ ಕೊರಾಂತೆನ್ ಪಟ್ಟು ಹಿಡಿದರು. ಅವನ ಉಪದೇಶಿಯ ಕೆಲಸವೂ ಹೋಯಿತು. ಅಂದಿನಿಂದ ಮುಗಾಲುಲ ಪ್ರತಿ ಭಾನುವಾರ ಇಗರ್ಜಿಯ ಬಾಗಿಲಾಚೆ ನಿಂತು ಪೂಜೆ ಕೇಳಿ ಹೋಗುತ್ತಿದ್ದ. ಒಂದು ಸಲ ಕರೆದು ಮಾತಾಡಿಸಬೇಕೆಂದು ಬಿಷಪ್ಪರಿಗೆ ಎಷ್ಟೋ ಬಾರಿ ಅನಿಸಿತು. ಆ ಆಸೆ ಗಂಟಲಲ್ಲಿ ಸಿಕ್ಕ ಬಿಸಿತುಪ್ಪವಾಗಿ ವರ್ಷಗಳೇ ಉರುಳಿದವು.

ಒಂದು ಬೆಳಿಗ್ಗೆ ಅಡುಗೆಯ ಪೇತೆರೊ ತಟ್ಟೆ ಇಡುತ್ತಾ ಹೇಳಿದ, "ಮುಗಾಲುಲ ಹೋಗ್ಬಿಟ್ರಂತೆ, ಸ್ವಾಮಿ. ಇವತ್ತು ಮಧ್ಯಾಹ್ನ ಮಣ್ಣು."

ಬಿಷಪ್ಪರು ಅನ್ನ ಮುಟ್ಟಲಿಲ್ಲ. "ಒಂದು ತೊಗಟೆ ಬಟ್ಟೆ ತಂದುಕೊಡು," ಎಂದರು.

"ನಿಮ್ಗ್ಯಾಕೆ ಸ್ವಾಮಿ? ಅದನ್ನ ಕುಲದೋರು ತರೋದು!"

"ಅದಕ್ಕೇ ಕೇಳ್ತಿರೋದು."

ಮರದ ತೊಗಟೆ ಬಡಿದು ಮಾಡಿದ ಆ ಬಟ್ಟೆಯಲ್ಲೇ ಅಲ್ಲಿ ಹೆಣ ಸುತ್ತುವುದು. ಅಣ್ಣತಮ್ಮಂದಿರದು ಮೈಗೆ ತಾಗಿ ಒಳಗೆ, ಹೊರಗಿನವರದು ಕೊನೆಗೆ, ಎಲ್ಲದರ ಮೇಲೆ. ತಮ್ಮದು ಒಳಗೆ ಹೋಗಬೇಕು. ದಾರಿಯುದ್ದಕ್ಕೂ ಅವರಿಗಿದ್ದುದು ಅದೊಂದೇ ಆಸೆ.

ಬಾಳೆತೋಟದ ನಡುವಿನ ಅಂಗಳದಲ್ಲಿ ಜನ ಸೇರಿದ್ದರು. ಬಿಷಪ್ಪರನ್ನು ಕಂಡು ಎಲ್ಲರೂ ಮಂಡಿಯೂರಲು ಹೋದರು. "ಬೇಡ, ಬೇಡ," ಎಂದು ಅವರು ಬಟ್ಟೆಯನ್ನು ಎರಡೂ ಕೈಯಲ್ಲಿ ಚಾಚಿದರು. "ನಾನು ತಮ್ಮನಾಗಿ ಬಂದಿದೀನಿ. ಮುಗಾಲುಲನೇ ನನ್ನನ್ನ ಕುಲಕ್ಕೆ ಸೇರಿಸಿದ್ದ."

ಕುಲದ ಹಿರಿಯ ಸ್ಸೆಬೊವಾ ಹಲ್ಲಿಲ್ಲದ ಮುದುಕ. ನಾಲಿಗೆ ಮಾತ್ರ ಮೊನಚು. "ಹೌದಪ್ಪಾ, ಸೇರಿಸಿದ್ದ. ಸಾಯೋವರೆಗೂ ನಿನ್ನನ್ನ ತಮ್ಮ ಅಂತಾನೇ ಅಂತಿದ್ದ. ನಾವ್ಯಾರೂ ಇಲ್ಲ ಅನ್ನಲ್ಲ," ಎಂದ.

ಬಿಷಪ್ಪರ ಕಣ್ಣು ತುಂಬಿತು. ಎಷ್ಟೋ ವರ್ಷಗಳ ಮೇಲೆ ಯಾರೋ ಅವರನ್ನು ಏಕವಚನದಲ್ಲಿ ಕರೆದಿದ್ದರು.

"ತಮ್ಮ ಬಂದಿದ್ದು ಒಳ್ಳೇದೇ ಆಯ್ತು," ಮುದುಕ ಮುಂದುವರಿಸಿದ. "ನೋಡು, ಎರಡು ಹೆಣ್ಣು ಬೀದಿಗೆ ಬಿದ್ದಾವೆ. ಅವನ ಬೆನ್ನಿಗೆ ಉಳಿದಿರೋನು ನೀನೊಬ್ಬನೇ. ಯಾರನ್ನ ಮನೆಗೆ ಕರ್ಕೊಂಡು ಹೋಗ್ತೀಯ?"

ಯಾರೂ ನಗಲಿಲ್ಲ. ಮುದುಕನೂ ನಗೆಯಾಡಿರಲಿಲ್ಲ. ಇದೇ ಅಂಗಳದಲ್ಲಿ ಇದೇ ಪ್ರಶ್ನೆಯನ್ನು ಒಮ್ಮೆ ಮುಗಾಲುಲನಿಗೂ ಕೇಳಿದ್ದರು. ಅವನು ಉತ್ತರ ಕೊಟ್ಟಿದ್ದ. ಅದಕ್ಕಾಗಿ ಅವನನ್ನು ಹೊರಗಿಟ್ಟ ಬಿಷಪ್ಪರು ಚಾಚಿದ ಬಟ್ಟೆಯತ್ತ ನೋಡಿದರು.

ತೆರೇಜಾ ಎದ್ದು ಬಂದು ಬಟ್ಟೆಯನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನಿಸಿತು.

"ಬಿಡ್ರಿ ಮಾವ, ಪಾಪ, ಅವರಿಗೆ ಆಗೋ ಕೆಲ್ಸ ಅಲ್ಲ," ಎಂದು ಮುದುಕನಿಗೆ ಹೇಳಿ, ಬಟ್ಟೆಯನ್ನು ಕೊನೆಗೆ ಹೊದಿಸುವ ರಾಶಿಯ ಮೇಲಿಟ್ಟಳು. ಆಮೇಲೆ ಬಿಷಪ್ಪರ ಮುಂದೆ ಮಂಡಿಯೂರಿ, "ಬಿಸಿಲಲ್ಲಿ ನಿಂತ್ಕೋಬೇಡಿ ಸ್ವಾಮಿ. ಬಂದೋರಿಗೆ ಅಲ್ಲಿ ಚಾಪೆ ಹಾಸಿದೀವಿ," ಎಂದಳು.