ಮೂವತ್ತೆರಡನೆಯ ಕುರಿ

ನಮ್ಮ ಗೇಟಿನೊಳಗೆ ಬರುವ ಜೀವಗಳನ್ನೆಲ್ಲ ಎಣಿಸಲು ಮಗಳು ಬರೆದ ಪ್ರೋಗ್ರಾಮು ಇವತ್ತು ಇನ್ನೂರ ಐವತ್ತೈದು ಮುಟ್ಟಿ, ಇನ್ನೊಂದು ಜೀವ ಒಳಬಂದೊಡನೆ ಸೊನ್ನೆ ತೋರಿಸಿತು.

“ಎಣಿಕೆಗೆ ಎಂಟೇ ಬಿಟ್ ಜಾಗ ಕೊಟ್ಟಿದ್ದೆ, ತುಂಬೋಯ್ತು ಕಣಪ್ಪ. ಈ ಪ್ರೋಗ್ರಾಮಿಂಗ್ ಭಾಷೆ ಎಚ್ಚರಿಕೇನೂ ಕೊಡಲ್ಲ,” ಎಂದು ನಕ್ಕಳು. ನನ್ನ ಮೂಗಿಗೆ ಕುರಿಹಟ್ಟಿಯ ವಾಸನೆ ಬಡಿಯಿತು.

ಕಣಕಟ್ಟೆಯ ನಮ್ಮಜ್ಜನಿಗೆ ಕಣ್ಣು ಮಂದ. ಶಾಲೆಯ ಮೆಟ್ಟಿಲು ಹತ್ತದ ಆ ಮಹಾಗಣಿತಜ್ಞರು ಸಂಜೆ ಹಟ್ಟಿಯ ಬಾಗಿಲಲ್ಲಿ ಐದು ತೆಂಗಿನ ಕರಟಗಳನ್ನು ಬೋರಲು ಹಾಕಿ ಕೂರುತ್ತಿದ್ದರು. ಒಳಹೋಗುವ ಪ್ರತಿ ಕುರಿಯ ಬೆನ್ನು ಸವರಿ ಮೊದಲ ಕರಟ ಮಗುಚುವುದು, ಅದು ಮತ್ತೆ ಬೋರಲಾದರೆ ಪಕ್ಕದ್ದನ್ನೂ ಮಗುಚುವುದು, ಹಾಗೇ ಸಾಲಿನುದ್ದಕ್ಕೂ. ಮೂವತ್ತೊಂದು ಕುರಿಗೆ ಐದೂ ಅಂಗಾತ. ನಮ್ಮಲ್ಲಿದ್ದದ್ದೂ ಅಷ್ಟೇ.

ಒಂದು ಸಂಜೆ ನೋಡಿದರೆ ಐದೂ ಬೋರಲು.

“ಏನಜ್ಜ, ಒಂದೂ ಬರಲಿಲ್ವಾ?” ಎಂದು ರೇಗಿಸಿದೆ.

ಅಜ್ಜ ಅಂಗೈ ಮೂಸಿಕೊಂಡರು. “ಒಂದು ಜಾಸ್ತಿ ಹೋಗೈತೆ ಕಣ್ಲಾ. ಕೊನೇದ್ರ ಮೈಮೇಲೆ ಉಣ್ಣೆ ಇರ್ಲಿಲ್ಲ.”

ಒಳಗೆ ಒಂದು ಕುರಿಯೂ ಸದ್ದು ಮಾಡಲಿಲ್ಲ.

ಚಿರತೆ ಉಳಿಸಿಹೋದ ಕುರಿಗಳನ್ನು ಎಣಿಸಲು ಮರುದಿನ ಅಜ್ಜನಿಗೆ ಮೂರೇ ಕರಟ ಸಾಕಾದವು.

“ಯಾರೂ ಬಂದೇ ಇಲ್ಲ ಅಂತಿದೆ ನೋಡಪ್ಪ,” ಮಗಳು ಸೊನ್ನೆಯತ್ತ ಬೆರಳು ತೋರಿಸಿ ಇನ್ನೂ ನಗುತ್ತಿದ್ದಳು. ನಾನು ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದೆ.