ಚಿತ್ರದ ಬೆನ್ನಿಗೆ ಬರೆದದ್ದು
ನಮ್ಮ ಗ್ಯಾಲರಿಯಲ್ಲಿ ಪ್ರದರ್ಶನ ಇಟ್ಟ ಕಲಾವಿದರನ್ನು ಗುರುತಿಸುವುದು ಸುಲಭ: ಎಲ್ಲರೂ ಚಿತ್ರ ನೋಡುತ್ತಿದ್ದರೆ ಅವರು ಮಾತ್ರ ನೋಡುವವರನ್ನು ನೋಡುತ್ತಿರುತ್ತಾರೆ. ಈ ಸಲದವರಂತೂ ಇಸ್ತ್ರಿ ಅಂಗಿಯಲ್ಲೇ ಬೆವರುತ್ತಾ ಕಂಬದ ಮರೆಯಲ್ಲಿ ನಿಂತಿರುತ್ತಿದ್ದರು. ಯಾರಾದರೂ ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಇವರು ಉಸಿರು ಬಿಗಿಹಿಡಿಯುತ್ತಿದ್ದರು. ನಿಂತವರು ತಿರುಗಿ, "ಟಾಯ್ಲೆಟ್ ಯಾವ ಕಡೆ ಸಾರ್?" ಅಂದರೆ ಅದಕ್ಕೂ "ಥ್ಯಾಂಕ್ಸ್" ಅನ್ನುತ್ತಿದ್ದರು. ನೆಟ್ಟಗಿದ್ದ ಚೌಕಟ್ಟನ್ನು ನೆಟ್ಟಗೆ ಮಾಡಲು ಹೋಗಿ ಸೊಟ್ಟ ಮಾಡುತ್ತಿದ್ದರು. ಸರಿಮಾಡುವ ಕೆಲಸ ನನ್ನದು. ಒಂದು ಚಿತ್ರಕ್ಕೆ ಕೊನೆಗೂ ಮಾರಾಟದ ಗುರುತಾದ ಕೆಂಪು ಚುಕ್ಕಿ ಅಂಟಿಸಿದಾಗ ಕುಣಿದಾಡುತ್ತಾರೆ ಅಂದುಕೊಂಡರೆ, "ಅವರ ಮನೆ ಗೋಡೆಗೆ ಬಿಸಿಲು ಹೊಡೆಯುತ್ತಾ, ಕೇಳಿದ್ರಾ?" ಅಂತ ನನ್ನ ಪ್ರಾಣ ತಿಂದರು. ಗಿರಾಕಿ ನಮ್ಮನ್ನು ಬಿಟ್ಟು ನೇರವಾಗಿ ಕಲಾವಿದರ ಹತ್ತಿರವೇ ಹೋದಾರೆಂದು, ಚಿತ್ರದ ಹಿಂದೆ ಫೋನ್ ನಂಬರ್ ಬರೆಯಕೂಡದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಪ್ರದರ್ಶನ ಮುಗಿದು, ಪ್ಯಾಕ್ ಮಾಡಲು ಆ ಚಿತ್ರ ತಿರುಗಿಸಿದರೆ ಪೆನ್ಸಿಲ್ಲಿನಲ್ಲಿ ಬರೆದ ನಂಬರ್! ಗ್ಯಾಲರಿಯ ಮೇಡಂ ಕೆಂಡವಾದರು: "ನನ್ನ ಬೆನ್ನ ಹಿಂದೆ ವ್ಯಾಪಾರಾನಾ?" ಕಲಾವಿದರು ಮತ್ತೆ ಕಂಬದ ಮರೆಗೆ ಸರಿದರು. ಅಳಿಸಲೆಂದು ನಾನು ರಬ್ಬರ್ ಹಿಡಿದು ಬಗ್ಗಿದೆ. ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಬೇಸರ ಬಂದರೆ ಎಸೆಯಬೇಡಿ. ಒಂದು ಫೋನ್ ಮಾಡಿ, ಬಂದು ಕರೆದುಕೊಂಡು ಹೋಗುತ್ತೇನೆ."